ಕಂಬ ಸೊನ್ನೆಯಾದಾಗ

ನಮ್ಮೂರ ಗುಡಿಯ ಮುಂದಿನ ಮಂಟಪಕ್ಕೆ ಎಷ್ಟು ಕಂಬ ಎಂದು ಹೊರಗಿನವರು ಕೇಳಿದರೆ ನಾವು ‘ಯಾವತ್ತು?’ ಎಂದು ತಿರುಗಿ ಕೇಳುತ್ತೇವೆ. ಅವರು ನಗುತ್ತಾರೆ. ನಮಗೆ ನಗು ಬರುವುದಿಲ್ಲ, ಯಾಕೆಂದರೆ ಅದು ನಮಗೆ ಎಣ್ಣೆಯ ಪ್ರಶ್ನೆ, ಹೂವಿನ ಪ್ರಶ್ನೆ. ನಸುಕಿನಲ್ಲಿ ಫಕೀರವ್ವಾಯಿ ಮಂಟಪದೊಳಗೆ ಹೋಗಿ ಒಂದೊಂದೇ ಕಂಬವನ್ನು ಅಂಗೈಯಿಂದ ಮುಟ್ಟುತ್ತಾಳೆ. ಆಮೇಲೆ ಗುಡಿಯ ಕಟ್ಟೆಯ ಮೇಲೆ ನಿಂತು ‘ಕಂಬ ಆರೂ…’ ಎಂದೋ ‘ಕಂಬ ಒಂಬತ್ತೂ…’ ಎಂದೋ ಊರಿಗೆಲ್ಲ ಕೇಳುವಂತೆ ಕೂಗುತ್ತಾಳೆ. ನಿನ್ನೆ ಎಷ್ಟಿದ್ದವು ಎಂಬುದಕ್ಕೂ ಇವತ್ತಿಗೂ ಸಂಬಂಧವಿಲ್ಲ. ಆ ಕೂಗು ಕಿವಿಗೆ ಬಿದ್ದ ಮೇಲೆಯೇ ಹೂಗಾರ ಮಹಾರುದ್ರಪ್ಪ ಮಾಲೆ ಕಟ್ಟಲು ಕೂರುತ್ತಾನೆ. ಆ ದಿನದ ದೀಪದ ಪಾಳಿ ಯಾವ ಮನೆಯದೋ ಆ ಮನೆಯವರು ಬತ್ತಿ ಹೊಸೆಯುತ್ತಾರೆ. ಕಂಬಕ್ಕೆ ಎರಡು ದೀಪ, ಹೊಸ್ತಿಲಿಗೆ ಒಂದು. ಕಂಬ ಕಡಿಮೆಯಾದ ದಿನ ಸಂಜೆ ಪುರಾಣ ಕೇಳಲು ಬಂದ ಮುದುಕರು ಒಂದೇ ಕಂಬಕ್ಕೆ ನಾಲ್ಕೂ ಕಡೆಯಿಂದ ಬೆನ್ನು ಕೊಟ್ಟು, ‘ಸ್ವಲ್ಪ ಸರೀರಿ, ಕಂಬಾ ನಿಮ್ಮ ಮಾವ ಕೊಟ್ಟಿದ್ದೇನು?’ ಎಂದು ಒಬ್ಬರನ್ನೊಬ್ಬರು ತಿವಿಯುತ್ತಾರೆ.

ಆ ಪುರಾಣ ಹೇಳುವವರು ನನ್ನ ತಂದೆ. ನಾನು ಹುಟ್ಟಿದಾಗಿನಿಂದ ಅವರ ಪದ್ಯಗಳನ್ನು ಕೇಳುತ್ತ ಬೆಳೆದವಳು. ಹಾಲು ಕುಡಿಯುವ ವಯಸ್ಸಿನಲ್ಲೂ ಅವರು ರಾಗ ತೆಗೆದರೆ ಅಳು ನಿಲ್ಲಿಸುತ್ತಿದ್ದೆನಂತೆ. ಈಗಲೂ ನನಗೆ ಮಾತಾಡುವುದಕ್ಕಿಂತ ಕೇಳುವುದು ಹೆಚ್ಚು ಬರುತ್ತದೆ. ಮಾತಾಡಲೇಬೇಕಾದ ಕೆಲಸವೆಂದರೆ ಒಂದೇ, ಊರಿನ ಸಾಲೆಯಲ್ಲಿ ಗಣಿತ ಕಲಿಸುವುದು.

ಏಳನೇ ತರಗತಿಗೆ ಬೀಜಗಣಿತ ಬರುತ್ತದೆ. ಒಂದು ಅಕ್ಷರ ಇರುತ್ತದೆ, ಅದರ ಬೆಲೆ ಬದಲಾಗುತ್ತಿರುತ್ತದೆ ಎಂದು ಬೇರೆ ಊರಿನ ಮಕ್ಕಳಿಗೆ ತಿಳಿಸಿ ಹೇಳುವಷ್ಟರಲ್ಲಿ ಮಾಸ್ತರರ ಗಂಟಲು ಒಣಗುತ್ತದಂತೆ. ನನಗೆ ಆ ಕಷ್ಟ ಇರಲಿಲ್ಲ. ಹಲಗೆಯ ಮೇಲೆ ‘2ಕ + 1’ ಎಂದು ಬರೆದು, ಕ ಅಂದರೆ ಕಂಬ ಎಂದೆ. ಇಡೀ ತರಗತಿ ಒಂದೇ ದನಿಯಲ್ಲಿ ‘ಹದಿನೈದ್ರೀ ಅಕ್ಕೋರ!’ ಎಂದಿತು. ಅವತ್ತು ಕಂಬ ಏಳು ಇದ್ದವು. ನನಗೆ ಎದೆ ತುಂಬಿ ಬಂತು. ‘ಶಾಬಾಸ್. ಈಗ ಕ ನಾಲ್ಕು ಆದಾಗ ಇದರ ಬೆಲೆ ಎಷ್ಟು?’ ಎಂದು ಕೇಳಿದೆ.

ಹಿಂದಿನ ಸಾಲಿನ ಮುದಕಪ್ಪ ಎದ್ದು ನಿಂತ. ‘ಅಕ್ಕೋರ, ಇವತ್ತ ಏಳರಿ. ನೀವು ಮಲಕೊಂಡಿದ್ರೇನ್ರಿ?’

‘ಏಳು ಅಂತ ನನಗೂ ಗೊತ್ತೈತಪಾ. ನಾಲ್ಕು ಇದ್ರ ಎಷ್ಟು ಅಂತ ಕೇಳಾಕತ್ತೀನಿ.’

‘ಇಲ್ಲಲ್ರೀ?’

ಮುಂದಿನ ಸಾಲಿನಲ್ಲಿ ಬಾಳವ್ವ ತಲೆ ತಗ್ಗಿಸಿದ್ದಳು. ಅವಳು ಫಕೀರವ್ವಾಯಿಯ ಮೊಮ್ಮಗಳು. ತಾಯಿ ತಂದೆ ಇಲ್ಲದ ಅವಳನ್ನು ಬೆಳೆಸಿದವಳು ಆಯಿಯೇ, ಆಯಿಯ ನಂತರ ಕಟ್ಟೆಯ ಮೇಲೆ ನಿಂತು ಕೂಗಬೇಕಾದವಳೂ ಅವಳೇ. ಅವಳ ಕಿವಿ ಕೆಂಪಾಗಿತ್ತು. ‘ಆಯಿ ಏಳು ಅಂತ ಕೂಗ್ಯಾಳ್ರಿ’ ಎಂದಳು ಮೆಲ್ಲಗೆ. ‘ನಾ ನಾಲ್ಕು ಅಂತ ಬರದ್ರ ಆಯಿ ಸುಳ್ಳು ಹೇಳ್ಯಾಳ ಅಂದಂಗ ಆಗ್ತದಲ್ರಿ.’

ಅಕ್ಷರ ಬದಲಿಸಿ ನೋಡಿದೆ. ಪುಸ್ತಕದಲ್ಲಿದ್ದ ಹಾಗೆ ‘x’ ಬರೆದೆ. ‘ಇದು ಯಾವ ಗುಡೀದ್ರಿ?’ ಎಂದರು. ಇದು ಯಾವ ಗುಡಿಯದೂ ಅಲ್ಲ ಎಂದೆ. ‘ಹಂಗಾದ್ರ ಇದನ್ನ ಯಾರು ಕೂಗ್ತಾರ್ರಿ? ಕೂಗೋರ ಇಲ್ಲಂದ್ರ ಇದಕ್ಕ ಬೆಲೆ ಎಲ್ಲಿಂದ ಬರಬೇಕು?’ ನಾನು ‘x’ ಒರೆಸಿ ಮತ್ತೆ ‘ಕ’ ಬರೆದೆ.

ಹಿಂದಿನ ವರ್ಷ ಆದದ್ದೂ ಇದೇ. ವರ್ಷದ ಕೊನೆಗೆ ಹೊರಗಿನಿಂದ ಬಂದ ಪ್ರಶ್ನೆಪತ್ರಿಕೆಯಲ್ಲಿ ‘x = 3 ಆದಾಗ’ ಎಂದಿದ್ದರೂ ಆಗ ಏಳನೆಯಲ್ಲಿದ್ದ ನಮ್ಮ ಮಕ್ಕಳೆಲ್ಲ ಆ ದಿನದ ಕಂಬಗಳ ಸಂಖ್ಯೆ ಹಾಕಿ ಲೆಕ್ಕ ಮಾಡಿದ್ದರು. ಎಲ್ಲ ಉತ್ತರಗಳೂ ತಪ್ಪು, ಎಲ್ಲವೂ ಒಂದೇ ತಪ್ಪು. ನಕಲು ಮಾಡಿದ್ದಾರೆ ಎಂದು ಮೇಲಿನವರು ತಿಳಿದರು. ಈ ಸಲ ತಪಾಸಣೆಯ ಸಾಹೇಬರೇ ಬಂದು ಎದುರಿಗೆ ಕೂತು ಕೇಳುತ್ತಾರೆಂದು ಮುಖ್ಯೋಪಾಧ್ಯಾಯರಾದ ಕೊಟ್ರಪ್ಪ ಮಾಸ್ತರರು ನನ್ನನ್ನು ಕರೆದು ಹೇಳಿದರು. ‘ಈ ಸಲಾನೂ ಹಂಗ ಆತಂದ್ರ ಏಳನೇ ಕ್ಲಾಸ ತಗದು ಹೊಳಿಯಾಚೆ ಸಾಲಿಗೆ ಹಾಕ್ತಾರ್ರೀ ಬಾಯಾರ. ಗಂಡುಹುಡುಗ್ರು ಅಲ್ಲೇ ಹಾಸ್ಟೆಲ್ಲಿನಾಗ ಇದ್ದು ಓದ್ತಾರ. ಆ ಫಕೀರವ್ವನ ಹುಡುಗೀದೇನು? ಕೂಗೋ ಮನಿಯವರು ಊರು ಬಿಟ್ಟು ಒಂದು ರಾತ್ರಿನೂ ಇರಂಗಿಲ್ಲ. ಅಕಿ ಸಾಲಿ ಅಲ್ಲಿಗೇ ಮುಗೀತು.’

ನಾನು ಬಾಳವ್ವನ ಬಗ್ಗೆಯೇ ಯೋಚಿಸುತ್ತ ಹೊರಬಂದೆ. ತರಗತಿಯಲ್ಲಿ ಎಲ್ಲರೂ ಉತ್ತರ ಹೇಳಿ ಸುಮ್ಮನಾದ ಮೇಲೆ ‘ಯಾಕ?’ ಎಂದು ಕೇಳುವ ಹುಡುಗಿ ಅವಳೊಬ್ಬಳೇ. ಮೂರನ್ನು ಸೊನ್ನೆಯಿಂದ ಯಾಕೆ ಭಾಗಿಸಬಾರದು ಎಂದು ಕೇಳಿ, ನಾನು ಕೊಟ್ಟ ಉತ್ತರ ಸಾಲದೆ, ಬಾಗಿಲವರೆಗೆ ಬೆನ್ನು ಹತ್ತಿದ್ದಳು.

ಮೊದಲು ನಾನು ಅಡ್ಡದಾರಿ ಹಿಡಿದೆ. ಕಂಬ ಐದಾದ ದಿನ ಪುಸ್ತಕದಲ್ಲಿನ ಐದರ ಲೆಕ್ಕಗಳನ್ನೆಲ್ಲ ಹುಡುಕಿ ಮಾಡಿಸಿದೆ, ಎಂಟಾದ ದಿನ ಎಂಟರವನ್ನು. ಮಕ್ಕಳು ಖುಷಿಯಿಂದ ಮಾಡಿದರು. ಮುದಕಪ್ಪ ಮಾತ್ರ ಕಂಬ ನಾಲ್ಕಿದ್ದ ದಿನ ‘2ಕ’ ಎಂಬಲ್ಲಿ ಎರಡರ ಪಕ್ಕ ನಾಲ್ಕನ್ನು ಕೂರಿಸಿ, ಒಂದು ಕೂಡಿಸಿ, ಇಪ್ಪತ್ತೈದು ಎಂದ. ‘ನಿಮ್ಮ ಮನಿ ಪಾಳಿ ದಿನ ಇಪ್ಪತ್ತೈದು ದೀಪಕ್ಕ ಎಣ್ಣಿ ಸುರಿ, ನಿಮ್ಮವ್ವ ನಿನ್ನನ್ನ ಹಚ್ಚಿ ಇಡ್ತಾಳ’ ಎಂದಳು ಬಾಳವ್ವ. ಕಂಬಕ್ಕೆ ಎರಡೆರಡು ಎಂದರೆ ಗುಣಿಸಬೇಕು ಎಂಬುದನ್ನು ಅವನು ಮತ್ತೆ ಮರೆಯಲಿಲ್ಲ. ಆದರೆ ಸಾಹೇಬರು ಯಾವ ದಿನ ಬರುತ್ತಾರೋ, ಯಾವ ಸಂಖ್ಯೆ ಕೇಳುತ್ತಾರೋ. ಕಂಬಗಳು ಸಾಹೇಬರ ಪುಸ್ತಕ ನೋಡಿಕೊಂಡು ಏಳುವುದಿಲ್ಲ.

ಒಂದು ಸಂಜೆ ಎಂದಿನಂತೆ ಮಂಟಪದಲ್ಲಿ ಕೂತಿದ್ದೆ. ತಂದೆ ಅಸುರರಾಜನ ಸಭೆಯ ಭಾಗಕ್ಕೆ ಬಂದಿದ್ದರು. ಬಲಹೆಗಲ ಮೇಲಿದ್ದ ಶಾಲನ್ನು ತೆಗೆದು ಎಡಹೆಗಲಿಗೆ ಹಾಕಿಕೊಂಡು, ದನಿ ಏರಿಸಿ, ದೇವರ ಬಾಗಿಲಿಗೆ ಎದುರಾಗಿಯೇ ಕೂತು, ನಾನೇ ದೇವರು, ನನ್ನ ಮೇಲೆ ಇನ್ನಾರೂ ಇಲ್ಲ, ಈ ಗುಡಿಗಳನ್ನೆಲ್ಲ ಕೆಡವಿ ಹಾಕಿರಿ ಎಂದು ಹಾಡಿದರು. ಜನ ಮೈಮರೆತು ಕೇಳಿದರು. ಪದ್ಯ ಮುಗಿಯಿತು, ಶಾಲು ಮತ್ತೆ ಬಲಹೆಗಲಿಗೆ ಬಂತು, ತಂದೆ ಮೆಲ್ಲಗೆ ಕೆಮ್ಮಿ ನೀರು ಕುಡಿದರು. ಯಾರೂ ಅವರನ್ನು ಬೈಯಲಿಲ್ಲ. ಆ ಶಾಲಿನ ಓಡಾಟವನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಎಡಹೆಗಲಲ್ಲಿ ಶಾಲಿರುವಷ್ಟು ಹೊತ್ತು ಮಾತು ಹೇಳುವವನದಲ್ಲ, ಕಥೆಯದು. ಅಷ್ಟು ನೋಡಿದ್ದರೂ ಅದನ್ನು ಗಣಿತದ ತರಗತಿಗೆ ಒಯ್ಯಬಹುದೆಂದು ಹೊಳೆದಿರಲಿಲ್ಲ. ಅವತ್ತು ಉಳಿದ ಪುರಾಣ ನನ್ನ ಕಿವಿಗೆ ಬೀಳಲಿಲ್ಲ. ದೇವರು ಕ್ಷಮಿಸಲಿ.

ಮರುದಿನ ಮಕ್ಕಳನ್ನು ಕೇಳಿದೆ. ‘ನಿನ್ನೆ ನಮ್ಮಪ್ಪ ಗುಡಿಯಾಗ ಕುಂತು ನಾನೇ ದೇವರು ಅಂದ್ರು. ಸುಳ್ಳು ಹೇಳಿದ್ರೇನು?’

‘ಇಲ್ರೀ!’ ಎಂದರು ಎಲ್ಲರೂ. ‘ಶಾಲು ಈ ಕಡೆ ಇತ್ತಲ್ರಿ’ ಎಂದು ಮುದಕಪ್ಪ ತನ್ನ ಎಡಹೆಗಲು ತಟ್ಟಿ ತೋರಿಸಿದ.

‘ಹಂಗಾದ್ರ ನಾವೂ ಹಂಗ ಮಾಡೋಣು. ಕ ನಾಲ್ಕು ಅಂತ ಲೆಕ್ಕ ಹೇಳ್ತದ, ನಾವು ಹೇಳೂದಿಲ್ಲ. ಲೆಕ್ಕ ಮುಗಿಯೂತನ ಶಾಲು ಈ ಕಡೆ. ಮುಗಿದ ಮ್ಯಾಲೆ ಆ ಕಡೆ. ಗುಡಿಯಾಗ ಕಂಬ ಎಷ್ಟು ಅದಾವೋ ಅಷ್ಟ ಇರ್ತಾವ.’

ಮಕ್ಕಳಿಗೆ ಶಾಲು ಎಲ್ಲಿಂದ ಬರಬೇಕು? ಹುಡುಗಿಯರು ಬೆನ್ನ ಮೇಲಿನ ಜಡೆಯನ್ನು ಎಡಹೆಗಲ ಮೇಲಿಂದ ಮುಂದಕ್ಕೆ ಎಳೆದುಕೊಂಡರು. ಹುಡುಗರು ಪಾಟಿಚೀಲವನ್ನು ಬಲಹೆಗಲಿಂದ ಎಡಕ್ಕೆ ಹಾಕಿಕೊಂಡರು. ‘ಕ ಐದು’ ಎಂದೆ, ಹನ್ನೊಂದು ಎಂದರು. ‘ಕ ಇಪ್ಪತ್ತು’ ಎಂದೆ, ಇಪ್ಪತ್ತು ಕಂಬ ಯಾರೂ ಕಂಡಿಲ್ಲದ್ದರಿಂದ ಒಂದಿಷ್ಟು ನಕ್ಕು, ನಲವತ್ತೊಂದು ಎಂದರು. ‘3ಕ − 2’ ಮಾಡಿದರು. ‘x’ಗೂ ಕೂಗುವವರು ಸಿಕ್ಕಿದರು, ಲೆಕ್ಕವೇ ಅದನ್ನು ಕೂಗುತ್ತದೆ ಎಂದು ಮುದಕಪ್ಪ ಉಳಿದವರಿಗೆ ತಿಳಿಹೇಳಿದ. ಬಾಳವ್ವ ಮಾತ್ರ ಜಡೆ ಮುಟ್ಟದೆ ಕೂತಿದ್ದಳು. ಅವಳ ತುಟಿ ಅಲುಗುತ್ತಿತ್ತು, ಉತ್ತರಗಳು ಒಳಗೆ ಬರುತ್ತಿದ್ದವು, ಹೊರಗೆ ಬರುತ್ತಿರಲಿಲ್ಲ.

ಸಂಜೆ ಅವಳ ಮನೆಗೆ ಹೋದೆ. ಫಕೀರವ್ವಾಯಿ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದಳು. ‘ಬಾ ತಂಗಿ, ಪುರಾಣಿಕರ ಮಗಳು ಬಂದಾಳಂದ್ರ ಮನಿ ಬೆಳಕಾತು’ ಎಂದು ಚಾಪೆ ಹಾಸಿದಳು. ನಾನು ಶಾಲಿನ ವಿಷಯ ಹೇಳಿದೆ. ಅವಳು ಮೊರ ಕೆಳಗಿಟ್ಟು ಪೂರ್ತಿ ಕೇಳಿದಳು.

‘ನಿಮ್ಮಪ್ಪನ ನಾಲಿಗಿ ಬ್ಯಾರೆ, ನನ್ನ ನಾಲಿಗಿ ಬ್ಯಾರೆ ಐತೆವ್ವಾ. ಅವರು ಅಂದದ್ದು ಕೇಳಿ ಮಂದಿ ಕಣ್ಣೀರು ಸುರಸ್ತಾರ. ನಾ ಅಂದದ್ದು ಕೇಳಿ ಮಂದಿ ಎಣ್ಣಿ ಸುರಸ್ತಾರ. ಕಣ್ಣೀರಿಗೆ ಲೆಕ್ಕ ಇಲ್ಲ.’

‘ಅಕಿ ಸಾಲಿಯೊಳಗ ಅಷ್ಟ ಅನ್ನೂದು, ಆಯಿ.’

‘ನಾಲಿಗಿ ಒಂದ ಅಲ್ಲೇನು? ಸಾಲಿಗೊಂದು, ಗುಡಿಗೊಂದು ಐತೇನು? ನನಗ ವಯಸ್ಸಾತು. ನಾಳೆ ಅಕಿ ಕಟ್ಟಿ ಮ್ಯಾಲೆ ನಿಂತು ಎಂಟು ಅಂದ್ರ, ಇದು ಖರೇ ಎಂಟೋ ಲೆಕ್ಕದ ಎಂಟೋ ಅಂತ ಮಂದಿ ಎದ್ದು ನೋಡಾಕ ಬಂದ್ರ? ಅವತ್ತ ಕೂಗು ಸತ್ತಂಗ.’ ಆಮೇಲೆ ಬಾಳವ್ವನ ಕಡೆ ತಿರುಗಿದಳು. ಬೈಗುಳದ ದನಿಯಲ್ಲ, ಬೇಸರದ್ದು. ‘ಸಾಲಿಗೆ ಹೋಗು, ಕಲಿ, ಬ್ಯಾಡ ಅನ್ನಂಗಿಲ್ಲ. ಆದ್ರ ನಿನ್ನ ಬಾಯಾಗಿಂದ ತಪ್ಪು ಕಂಬ ಬಂತು ಅಂತ ನನ್ನ ಕಿವಿಗೆ ಬಿತ್ತಂದ್ರ ಅವತ್ತಿಗೆ ಸಾಲಿ ಬಂದ್.’

ಬಾಳವ್ವ ನನ್ನನ್ನು ಓಣಿಯ ತುದಿಯವರೆಗೆ ಕಳುಹಿಸಲು ಬಂದಳು. ‘ಅಕ್ಕೋರ, ಅಂದ್ರೂ ಸಾಲಿ ಹೋಗ್ತದ, ಅನ್ನದಿದ್ರೂ ಹೋಗ್ತದ ಅಲ್ರಿ?’ ಎಂದಳು. ಉಳಿದವರು ಚೆನ್ನಾಗಿ ಮಾಡಿದರೆ ತರಗತಿ ಉಳಿಯುತ್ತದೆ, ನೀನು ಸುಮ್ಮನೆ ಕೂತರಾಯಿತು ಎಂದು ಸಮಾಧಾನ ಹೇಳಿದೆ. ಅವಳು ಒಪ್ಪಿದಂತೆ ತಲೆಯಾಡಿಸಿದಳು.

ಸಾಹೇಬರು ಬಂದ ದಿನ ಕಂಬ ಆರು. ಬಿಸಿಲಿಗೆ ಬಸವಳಿದ ಸಣ್ಣ ಮನುಷ್ಯ, ದನಿ ಮೆತ್ತಗೆ. ನಕಲಿನ ಊರು ಎಂದು ಕೇಳಿ ಬಂದಿದ್ದರೂ ಮುಖ ಸಿಂಡರಿಸಿರಲಿಲ್ಲ. ಕಿಟಕಿಗಳಲ್ಲಿ ಜನ ತುಂಬಿದ್ದರು. ಮಹಾರುದ್ರಪ್ಪ ಹೂವಿನ ಬುಟ್ಟಿ ಸಮೇತ ಬಂದು ನಿಂತಿದ್ದ. ಸಾಹೇಬರು ಹಲಗೆಯ ಮೇಲಿನ ‘2ಕ + 1’ ನೋಡಿ, ಇದನ್ನೇ ಕೇಳುತ್ತೇನೆ ಎಂದು ಕುರ್ಚಿ ಎಳೆದುಕೊಂಡು ಕೂತರು.

‘ಕ ಬದಲಿಗೆ ಮೂರು ಹಾಕಿ.’

ಜಡೆಗಳೆಲ್ಲ ಒಟ್ಟಿಗೆ ಮುಂದಕ್ಕೆ ಹಾರಿದವು, ಪಾಟಿಚೀಲಗಳು ಧಡಧಡ ಹೆಗಲು ಬದಲಿಸಿದವು. ಸಾಹೇಬರು ಬೆಚ್ಚಿ ಕೊಟ್ರಪ್ಪ ಮಾಸ್ತರರನ್ನು ನೋಡಿದರು. ‘ಇದೇನ್ರಿ ಇದು, ಕವಾಯತಾ?’

‘ನಮ್ಮ ಕಡೆ ಬೀಜಗಣಿತಕ್ಕ ಹಿಂಗ ಸಾಹೇಬರ’ ಎಂದರು ಮಾಸ್ತರರು, ಬೇರೆ ಏನೂ ತೋಚದೆ.

‘ಏಳು’ ಎಂದಳು ಒಬ್ಬಳು. ಸರಿ ಎಂದರು. ಹತ್ತು ಹಾಕಿಸಿದರು, ಹನ್ನೆರಡು ಹಾಕಿಸಿದರು, ಸರಿ ಸರಿ ಎನ್ನುತ್ತ ಹೋದರು. ಮುದಕಪ್ಪನಂತೂ ಅವರು ಕೇಳುವ ಮೊದಲೇ ಚೀಲ ಎತ್ತಿಕೊಂಡು ನಿಂತಿರುತ್ತಿದ್ದ. ನಾನು ಬಾಗಿಲ ಬಳಿ ಉಸಿರು ಬಿಟ್ಟೆ. ಬಾಳವ್ವ ಕೈ ಕಟ್ಟಿ ಸುಮ್ಮನೆ ಕೂತಿದ್ದಳು. ಇನ್ನೇನು ಮುಗಿಯಿತು ಎನ್ನುವಾಗ ಸಾಹೇಬರು ಕನ್ನಡಕ ಒರೆಸಿಕೊಳ್ಳುತ್ತ, ‘ಎಲ್ಲ ಬಾಯಿಪಾಠ ಮಾಡಿಸಿಲ್ಲ ತಾನೆ? ಒಂದು ಕೊನೆಯದು. ಕ ಬದಲಿಗೆ ಸೊನ್ನೆ ಹಾಕಿ. ಇದು ಬಂದರೆ ನಿಮಗೆ ಬೀಜಗಣಿತ ಬಂದ ಹಾಗೆ’ ಎಂದರು.

ನಾನು ಸೊನ್ನೆ ಹಾಕಿಸಿರಲಿಲ್ಲ. ಹಾಕಿಸಲು ನನಗೇ ಬಾಯಿ ಬಂದಿರಲಿಲ್ಲ ಎಂದರೆ ಸರಿಯಾದೀತು. ಕಂಬ ಕಡಿಮೆಯಾಗಿ ಮೂರಕ್ಕೆ ಇಳಿದದ್ದನ್ನು ಹಿರಿಯರು ಭಯದಿಂದ ನೆನೆಯುತ್ತಾರೆ. ಸೊನ್ನೆ ಎಂದರೆ ಆ ಕಲ್ಲಿನ ಚಾವಣಿ ಎಲ್ಲಿ ನಿಲ್ಲಬೇಕು? ಅದರ ಕೆಳಗೆ ಕೂತವರು? ಮುಂದಕ್ಕೆ ಬಂದಿದ್ದ ಜಡೆಗಳು ಒಂದೊಂದಾಗಿ ಹಿಂದಕ್ಕೆ ಜಾರಿದವು. ಮುದಕಪ್ಪ ಚೀಲವನ್ನು ಎರಡೂ ಕೈಯಲ್ಲಿ ಎದೆಗೆ ಅವುಚಿಕೊಂಡು ಕೂತುಬಿಟ್ಟ. ಕಿಟಕಿಯಲ್ಲಿ ಯಾರೋ ‘ಶಿವಶಿವಾ’ ಎಂದರು. ಸಾಹೇಬರು ಕಾದರು. ಆಮೇಲೆ ನಿಟ್ಟುಸಿರು ಬಿಟ್ಟು ಪೆನ್ನಿನ ಮುಚ್ಚಳ ತೆಗೆದರು.

ಆಗ ಬಾಳವ್ವ ಎದ್ದಳು. ಜಡೆಯನ್ನು ಹಿಡಿದು ಎಡಹೆಗಲ ಮೇಲಿಂದ ಮುಂದಕ್ಕೆ ಹಾಕಿಕೊಂಡಳು, ಗಂಟು ಹಾಕುವವಳ ಹಾಗೆ ನಿಧಾನವಾಗಿ. ಕಂಬದ ಅಂಕಿಯನ್ನು ಸಣ್ಣ ದನಿಯಲ್ಲಿ ಹೇಳಿದ್ದನ್ನು ಅವಳು ಎಂದೂ ಕೇಳಿರಲಿಲ್ಲ. ಮನೆಯ ರೂಢಿ ಗಂಟಲಲ್ಲಿತ್ತು. ‘ಕಂಬ ಸೊನ್ನೀ…’ ಎಂದು ಕೂಗಿದಳು.

ಆ ಕೂಗು ಓಣಿ ದಾಟಿ ಹೋಯಿತು. ಮಹಾರುದ್ರಪ್ಪ ಬುಟ್ಟಿ ಅಲ್ಲೇ ಬಿಟ್ಟು ಗುಡಿಯ ಕಡೆ ಓಡಿದ, ಅವನ ಹಿಂದೆ ಅರ್ಧ ಕಿಟಕಿ ಖಾಲಿಯಾಯಿತು. ನನ್ನ ಕಿವಿಯೂ ಗುಡಿಯ ಕಡೆಗೇ ಇತ್ತು, ಕಲ್ಲು ಉರುಳುವ ಸದ್ದಿಗಾಗಿ. ಬಾಳವ್ವನೂ ಕಣ್ಣು ಮುಚ್ಚಿ ಅದನ್ನೇ ಕೇಳುತ್ತಿದ್ದಳು. ಏನೂ ಬೀಳಲಿಲ್ಲ. ಅವಳು ಕಣ್ಣು ಬಿಟ್ಟು, ಈ ಸಲ ಸಾದಾ ದನಿಯಲ್ಲಿ, ‘ಎರಡು ಸೊನ್ನಿ ಅಂದ್ರ ಸೊನ್ನಿ. ಕೂಡಿಸು ಒಂದು. ದೀಪ ಒಂದ್ರಿ ಸಾಹೇಬರ. ಹೊಸ್ತಿಲದ್ದು’ ಎಂದಳು. ಜಡೆಯನ್ನು ಹಿಂದಕ್ಕೆ ಹಾಕಿ ಕೂತಳು.

‘ಸರಿ’ ಎಂದರು ಸಾಹೇಬರು. ಯಾವ ದೀಪ, ಯಾವ ಹೊಸ್ತಿಲು ಎಂದು ಅವರು ಕೇಳಲಿಲ್ಲ. ಏಳನೇ ತರಗತಿ ಇಲ್ಲೇ ಇರಲಿ ಎಂದು ಬರೆದು, ಚಹಾ ಕುಡಿದು ಹೋದರು. ಅಷ್ಟರಲ್ಲಿ ಮಹಾರುದ್ರಪ್ಪ ಏದುಸಿರು ಬಿಡುತ್ತ ಹಿಂದಿರುಗಿದ. ‘ಆರೂ ಅದಾವ್ರೀ, ಎಲ್ಲಾ ಮುಟ್ಟಿ ಬಂದೆ’ ಎಂದ. ಬುಟ್ಟಿಯಲ್ಲಿದ್ದ ಸೇವಂತಿಗೆಯನ್ನು ಅಷ್ಟರೊಳಗೆ ಸಾಲೆಯ ಮುಂದಿನ ಆಡು ತಿಂದು ಮುಗಿಸಿತ್ತು.

ಬಾಳವ್ವನೊಂದಿಗೆ ನಾನೂ ಅವಳ ಮನೆಗೆ ಹೋದೆ. ಕೂಗು ಅಲ್ಲಿಗೂ ಕೇಳಿಸಿತ್ತು. ಫಕೀರವ್ವಾಯಿ ಹೊಸ್ತಿಲ ಮೇಲೆ ಕೂತಿದ್ದಳು, ಎದ್ದು ದಾರಿ ಬಿಡಲಿಲ್ಲ.

‘ಅಂದಿ ಹೌದಿಲ್ಲೋ?’

‘ಅಂದೆ ಆಯಿ.’

‘ಕಂಬ ಸೊನ್ನಿ ಇದ್ರ ಚಾವಣಿ ಯಾವುದರ ಮ್ಯಾಲೆ ನಿಂತಿತ್ತು?’

‘ಅದನ್ನ ಕೇಳಲಿಲ್ಲ ಆಯಿ. ದೀಪ ಅಷ್ಟ ಕೇಳಿದ್ರು.’

ಫಕೀರವ್ವಾಯಿಯ ಮುಖದ ಒಂದು ಗೆರೆ ಅಲುಗಿತು. ಅದು ನಗುವೋ ಏನೋ ತಿಳಿಯುವ ಮೊದಲೇ ಮಾಯವಾಯಿತು. ನನ್ನ ಕಡೆ ನೋಡಿ, ‘ತಂಗಿ, ನಾ ಒಂದು ಮಾತು ಅಂದಿದ್ದೆ. ನನ್ನ ಮಾತಿಗೂ ಬೆಲೆ ಬೇಕಲ್ಲ?’ ಎಂದಳು. ತಪ್ಪು ಅವಳದೂ ಅಲ್ಲ, ಹುಡುಗಿಯದೂ ಅಲ್ಲ. ಆಮೇಲೆ ಮುದುಕಿ ಮೊಮ್ಮಗಳಿಗೆ ಹೇಳಿದಳು: ‘ನಾಳೆ ನೀನ ಮುಟ್ಟಿ ಬಾ, ನೀನ ಕೂಗು. ನಾ ನಿನ್ನ ಸಂಗಾಟ ಒಳಗ ಬರಂಗಿಲ್ಲ. ಮಂದಿ ನಿನ್ನ ನಾಲಿಗಿ ನಂಬ್ತಾರೋ ಇಲ್ಲೋ ನೋಡೋಣು. ಸಾಲಿ ಮಾತು ಆಮ್ಯಾಲೆ.’

ಮರುದಿನ ನಸುಕಿಗೆ ನಮ್ಮೂರಿನಲ್ಲಿ ಮಲಗಿದ್ದವರು ಯಾರೂ ಇರಲಿಲ್ಲ. ಎಲ್ಲರೂ ಬೇರೆ ಬೇರೆ ನೆವದಿಂದ ಗುಡಿಯ ಸುತ್ತ ಸುಳಿಯುತ್ತಿದ್ದರು. ಒಬ್ಬರ ಕೈಯಲ್ಲಿ ಬಿಂದಿಗೆ, ಒಬ್ಬರ ಕೈಯಲ್ಲಿ ಬೇವಿನ ಕಡ್ಡಿ. ತಂದೆಯವರೂ ನನ್ನ ಹೆಗಲು ಹಿಡಿದು ಬಂದಿದ್ದರು. ಬಾಳವ್ವ ಒಬ್ಬಳೇ ಮಂಟಪದೊಳಗೆ ಹೋದಳು. ಕತ್ತಲಲ್ಲಿ ಅವಳ ಅಂಗೈ ಕಲ್ಲಿಗೆ ತಾಗುವ ಸದ್ದು ಮಾತ್ರ ಕೇಳುತ್ತಿತ್ತು. ಹೊರಬಂದು ಕಟ್ಟೆ ಹತ್ತಿದಳು. ಜಡೆ ಬೆನ್ನ ಮೇಲೆಯೇ ಇತ್ತು. ಅದನ್ನು ಎಲ್ಲರೂ ನೋಡಿದರು.

‘ಕಂಬ ಎಂಟೂ…’

ದನಿ ನಡುವೆ ಒಡೆಯಿತು, ಆದರೆ ಕೊನೆಯವರೆಗೆ ಹೋಯಿತು. ಜನ ಒಂದು ಕ್ಷಣ ನಿಂತಲ್ಲೇ ನಿಂತರು. ಆಮೇಲೆ ಬಿಂದಿಗೆಯವರು, ಕಡ್ಡಿಯವರು ಎಲ್ಲ ಒಬ್ಬರ ಹಿಂದೊಬ್ಬರು ಮಂಟಪದೊಳಕ್ಕೆ ನುಗ್ಗಿದರು, ಮುಟ್ಟಿ ಎಣಿಸಲು. ಫಕೀರವ್ವಾಯಿ ಹೇಳಿದ್ದೇ ಆಯಿತು ಎಂದುಕೊಂಡೆ. ನಾಚಿಕೆಯ ಸಂಗತಿಯೆಂದರೆ ಅವರ ಹಿಂದೆ ನಾನೂ ಹೋದೆ. ಎಂಟೇ ಇದ್ದವು. ಒಳಗಿನಿಂದ ಒಬ್ಬೊಬ್ಬರೇ ‘ಎಂಟು’, ‘ಎಂಟು ನೋಡು’ ಎನ್ನುವುದು ಕೇಳುತ್ತಿತ್ತು. ಬಾಳವ್ವ ಕಟ್ಟೆಯ ಮೇಲೆ ತಲೆ ತಗ್ಗಿಸಿಕೊಂಡು ನಿಂತಿದ್ದಳು, ಎಣಿಸಿ ಬಂದವರ ಮುಖ ನೋಡಲು ಆಗದೆ.

ಒಳಗೆ ಬಾರದವಳು ಫಕೀರವ್ವಾಯಿ ಒಬ್ಬಳೇ. ಎಲ್ಲಿ ಹೋದಳೆಂದು ನಾನು ಹೊರಬಂದು ನೋಡಿದೆ. ಕೂಗು ಮುಗಿದ ತಕ್ಷಣವೇ ಅವಳು ಎದುರಿನ ಓಣಿಯ ತನ್ನ ಮನೆಗೆ ಹೊರಟುಹೋಗಿದ್ದಳು. ಆಗಲೇ ಅಲ್ಲಿ ಒಲೆಯ ಹೊಗೆ ಏಳುತ್ತಿತ್ತು. ಬಾಗಿಲಿಗೆ ಬಂದು, ಅಷ್ಟು ಜನರ ಗದ್ದಲದ ನಡುವೆಯೂ ಕಟ್ಟೆಯವರೆಗೆ ಮುಟ್ಟುವ ಆ ಹಳೆಯ ದನಿಯಲ್ಲಿ ಕೂಗಿದಳು:

‘ಬಾಳೀ! ಅಲ್ಲೇನು ಗೊಂಬಿ ಹಂಗ ನಿಂತೀ? ರೊಟ್ಟಿ ತಿಂದು ಹೋಗು, ಸಾಲಿಗೆ ಹೊತ್ತಾಗ್ತೈತಿ.’